ಕಾರಿನ ಹೊಟ್ಟಿಗೆ ನಳ ಯಾಕ ಬೇಕ್ರಿ?

ಹೇಳೂದನ್ನ ಮೊದ್ಲ ಹೇಳಿಬಿಡತೀನಿ, ಆಮ್ಯಾಲ ಬೇಕಾದವರು ಓದ್ರಿ, ಸಿಟ್ಟು ಬಂದವರು ಬೈರಿ. ಕಾರಿನ ಎಂಜಿನ್ ಆಯಿಲ್ ಬಿಡಾಕ ಅಂತ ಕೆಳಗ ಹಿತ್ತಾಳಿ ನಳ ಕೂಡಿಸೂ ಈ ಹೊಸಾ ಶೋಕಿ ನಮ್ಮ ಮನಿಗೋಳಿಗೆ ಬ್ಯಾಡ. ಹುಬ್ಬಳ್ಳಿ-ಧಾರವಾಡದಾಗ ಓಡಾಡೂ ಗಾಡಿಗೆ ಬ್ಯಾಡ, ಹಳ್ಳಿ ಕಡೆ ಹೋಗೂ ಗಾಡಿಗಂತೂ ಬ್ಯಾಡವೇ ಬ್ಯಾಡ. ನಮ್ಮ ಬಳಗದಾಗ ಈಗಾಗಲೇ ಮೂರು ಗಾಡಿಗೆ ಕೂತಾವ. ನಾಕನೇದ್ದಕ್ಕ ಕೂಡಬಾರದು ಅಂತ ಇದನ್ನ ಬರಿಯಾಕತ್ತೀನಿ.

“ಕಾರಿನ ಉಸಾಬರಿ ನಿಮಗ್ಯಾಕ ವೈನಿ, ನೀವು ರಂಜಕದ ಮ್ಯಾಲ ಬರದಿದ್ರಲ್ಲ, ಅದು ಛಲೋ ಇತ್ತು” ಅಂದ ನಮ್ಮ ಮೈದುನ. ರಂಜಕಾನೂ ಬರೀತೀನಿ ಬಿಡಪಾ. ಆದ್ರ ಆ ಕಾರಿನಾಗ ನಾನೂ ಕೂಡತೀನಿ, ನನ್ನ ಮಗಳು ಅದನ್ನ ಹೊಡಕೊಂಡು ಒಬ್ಬಾಕಿನ ಹೋಗತಾಳ, ಅದರ ಸರ್ವಿಸಿಂಗ್ ರೊಕ್ಕ ನಮ್ಮ ಮನಿ ಖರ್ಚಿನ ಪುಸ್ತಕದಾಗಿಂದ ಹೋಗತೈತಿ. ಇಷ್ಟು ಸಾಕಲ್ಲ ಮಾತಾಡಾಕ.

ಗೊತ್ತಿಲ್ಲದವರಿಗೆ ಮೊದ್ಲ ಅದು ಏನು ಅನ್ನೂದು ಹೇಳತೀನಿ. ಎಂಜಿನ್ನಿನ ಅಗದಿ ಕೆಳಗ ಒಂದು ತಾಟಿನಂಥಾದ್ದು ಇರತೈತಿ, ಮಿಸ್ತ್ರಿಗೋಳು ಅದಕ್ಕ ಚೇಂಬರ್ ಅಂತಾರ. ಆಯಿಲ್ ಎಲ್ಲಾ ಅದರಾಗ ಕುಂತಿರತೈತಿ. ಗಾಡಿ ಚಾಲೂ ಆದಕೂಡ್ಲೆ ಒಂದು ಪಂಪು ಅದನ್ನ ಮ್ಯಾಲ ಎತ್ತಿ ಎಂಜಿನ್ನಿನ ಸಂದಿ ಸಂದಿಗೆ ಕೊಡತೈತಿ, ಆ ಆಯಿಲ್ ಹೊಳ್ಳಿ ಚೇಂಬರಿಗೇ ಇಳೀತೈತಿ. ಸಣ್ಣ ಪೆಟ್ರೋಲ್ ಗಾಡಿಗೆ ಮೂರು ಲೀಟರ್ ಮ್ಯಾಲ ಸ್ವಲ್ಪ ಹಿಡೀತೈತಿ. ಭಾಳ ಮಾರುತಿ ಗಾಡಿಗೋಳಿಗೆ 10,000 ಕಿಲೋಮೀಟರಿಗೊಮ್ಮೆ, ಇಲ್ಲಾ ವರ್ಷಕ್ಕೊಮ್ಮೆ, ಯಾವುದು ಮೊದ್ಲ ಬರತೈತೋ ಆಗ ಆಯಿಲ್ ಬದಲಿಸ್ಬೇಕು. ಬದಲಿಸಾಕ ಚೇಂಬರಿನ ತಳದಾಗ ಒಂದು ಬೋಲ್ಟು ಇರತೈತಿ. ಪಾನಾ ಹಾಕಿ ಬಿಚ್ಚಿದ್ರ ಕರೇ ಆಯಿಲ್ ಸೊರ್ ಅಂತ ಬೀಳತೈತಿ. ಎಲ್ಲಾ ಬಿದ್ದ ಮ್ಯಾಲ ಹೊಸಾ ವಾಸರ್ ಹಾಕಿ ಬೋಲ್ಟು ಬಿಗೀಬೇಕು. ಇಷ್ಟ ಕಥಿ.

ಈಗ ಮಾರಾಕ ಬಂದೈತಲ್ಲ, ಅದು ಈ ಬೋಲ್ಟಿನ ಜಾಗಾಕ್ಕ ಕೂಡಿಸೂ ಸಣ್ಣ ನಳ. ಒಳಗ ಒಂದು ಗುಂಡು, ಹೊರಗ ಒಂದು ಕಿವಿ. ಕಿವಿ ಎತ್ತಿ ತಿರುವಿದ್ರ ಆಯಿಲ್ ಬೀಳತೈತಿ, ಹೊಳ್ಳಿ ತಿರುವಿದ್ರ ಬಂದ್. ಪಾನಾ ಬ್ಯಾಡ, ವಾಸರ್ ಬ್ಯಾಡ, ಕೈ ಹೊಲಸಾಗೂದಿಲ್ಲ. ಜಪಾನಿನ ಫುಮೋಟೊ ಅನ್ನೂ ಕಂಪನಿಯವರದು ಭಾಳ ಹೆಸರುವಾಸಿ. ಅದನ್ನ ನೋಡಿ ಮಾಡಿದ ಸಸ್ತಾ ಮಾಲು ಆನ್‌ಲೈನಿನಾಗ ರಾಶಿ ರಾಶಿ ಸಿಗತಾವ.

ಮಾರಾಟದ ವಿಡಿಯೋ ನಮ್ಮ ಗ್ರೂಪಿನಾಗೂ ಬಂತು, ನೀವೂ ನೋಡಿರಬೇಕು. ಅದರಾಗ ಒಂದು ಮಾತು ಬರತೈತಿ, “ಇನ್ನ ಮ್ಯಾಲ ಹೆಂಗಸರೂ ಆಯಿಲ್ ಬದಲಿಸಬಹುದು” ಅಂತ. ಕೇಳಿ ನನ್ನ ಮೈ ಉರೀತು. ಇಪ್ಪತ್ತು ಲೀಟರಿನ ಕೊಡಾ ಎತ್ತಿದವರು ನಾವು, ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬಂದು ರೆಗ್ಯುಲೇಟರ್ ಹಾಕವರು ನಾವು, ಕುಕ್ಕರಿನ ವಾಲ್ ಬಿಚ್ಚಿ ಹಾಕವರು ನಾವು. ಒಂದು ಬೋಲ್ಟು ನಮ್ಮನ್ನ ತಡದು ನಿಲ್ಲಿಸಿತ್ತೇನು? ನಮಗ ಯಾರೂ ಬಾನೆಟ್ ತಗದು ತೋರಿಸಲಿಲ್ಲ, ಅಷ್ಟ. ಅದಕ್ಕ ನಳ ಏನ್ ಮಾಡತೈತಿ?

ಸರಿ, ಅದು ಉಳಿಸೂದು ಏನು ಅಂತ ಲೆಕ್ಕಾ ಹಾಕೂಣು. ವರ್ಷಕ್ಕೊಮ್ಮೆ ಬೋಲ್ಟು ಬಿಚ್ಚಾಕ ಒಂದು ನಿಮಿಷ, ಬಿಗ್ಯಾಕ ಒಂದು ನಿಮಿಷ. ಗ್ಯಾರೇಜಿನಾಗ ಮಾಡಿಸವರಿಗೆ ಆ ಎರಡು ನಿಮಿಷಾನೂ ಮಿಸ್ತ್ರೀದು, ನಮ್ಮದಲ್ಲ. ಮನ್ಯಾಗ ಮಾಡವರಿಗೂ ಉಳದ ಕೆಲಸ ಎಲ್ಲಾ ಹಂಗ ಉಳೀತೈತಿ. ಆಯಿಲ್ ಫಿಲ್ಟರ್ ಬದಲಿಸ್ಬೇಕಲ್ಲ? ಭಾಳ ಗಾಡಿಗೋಳಾಗ ಅದಕ್ಕ ಕೆಳಗೇ ಹೋಗಬೇಕು, ಅದನ್ನ ಬಿಚ್ಚಿದಾಗ ಆಯಿಲ್ ಮೊಳಕೈತನಾ ಇಳೀತೈತಿ. ಗಾಡಿ ಎತ್ತಿ ನಿಲ್ಲಿಸೂದು, ಕೆಳಗ ಪತರಾ ಇದ್ರ ಅದನ್ನ ಬಿಚ್ಚೂದು, ಬುಟ್ಟಿ ಇಡೂದು, ಹಳೇ ಆಯಿಲ್ ಡಬ್ಬಿಗೆ ತುಂಬೂದು, ಹೊಸಾದು ಹಾಕಿ ಕಡ್ಡಿ ಅದ್ದಿ ನೋಡೂದು, ಎಲ್ಲಾ ಮೊದಲಿನಂಗ. ರೊಟ್ಟಿ ಮಾಡೂ ಕೆಲಸದಾಗ ಜ್ವಾಳಾ ಹಸನ ಮಾಡೂದು, ಗಿರಣಿಗೆ ಹೋಗೂದು, ಹಿಟ್ಟು ನಾದೂದು, ಬಡಿಯೂದು, ಬೇಯಿಸೂದು ಎಲ್ಲಾ ನಮಗ ಬಿಟ್ಟು, ಹಿಟ್ಟಿನ ಡಬ್ಬಿ ಮುಚ್ಚಳಾ ತಗಿಯೂ ಮಷೀನು ತಂದುಕೊಟ್ಟಂಗ ಆತು.

ಇನ್ನ ಆ ನಳದ ಒಳಗಿನ ಸಂಗತಿ. ನಮ್ಮೆಲ್ಲಾರ ಮನ್ಯಾಗ ಸ್ಟೀಲಿನ ನೀರಿನ ಫಿಲ್ಟರ್ ಇದ್ದವು, ಇನ್ನೂ ಕೆಲವರ ಮನ್ಯಾಗ ಅದಾವ. ಅದರ ನಳ ಎಷ್ಟ ತಿರುವಿದ್ರೂ ಕಡೀಕಿನ ಒಂದೆರಡು ಲೋಟಾ ನೀರು ಬರೂದಿಲ್ಲ, ಹೌದಲ್ಲ? ಫಿಲ್ಟರ್ ಎತ್ತಿ ಬಗ್ಗಿಸಬೇಕು. ಯಾಕಂದ್ರ ನಳದ ತೂತು ತಳಕ್ಕಿಂತ ಮ್ಯಾಲ ಇರತೈತಿ. ರಾಡಿ ಕುಂದರೂದೂ ಆ ಕಡೀಕಿನ ನೀರಿನಾಗ. ಕಾರಿನಾಗೂ ಹಂಗ. ನಳದ ಹಲ್ಲು ಚೇಂಬರಿನ ಗೋಡಿಗಿಂತ ಉದ್ದ ಇದ್ರ ಒಳಗ ಒಂದೀಟು ಚಾಚಿ ನಿಲ್ಲತೈತಿ, ಅದರ ಕೆಳಗಿನ ಆಯಿಲ್ ಹೊರಗ ಬರೂದಿಲ್ಲ. ಬೋಲ್ಟು ತಗದ್ರ ಅಗಲ ತೂತು, ಧಾರಿ ಜೋರ, ರಾಡಿ ತೊಳಕೊಂಡು ಬರತೈತಿ. ನಳದಾಗ ಗುಂಡಿನ ನಡುವಿನ ಸಣ್ಣ ತೂತಿನಿಂದ ಹಾಯಬೇಕು, ನಿಧಾನ. ಉಳಿಯೂ ಆಯಿಲ್ ಭಾಳ ಅಲ್ಲ, ಅದರಿಂದ ಎಂಜಿನ್ ಸಾಯೂದಿಲ್ಲ, ಸುಳ್ಳ ಹೆದರಸೂದಿಲ್ಲ ನಾನು. ಆದ್ರ ಸ್ವಚ್ಛ ಆಗಲಿ ಅಂತ ರೊಕ್ಕಾ ಕೊಟ್ಟು ಕೂಡಿಸಿದ್ದು ಮೊದಲಿಗಿಂತ ಕಡಿಮಿ ಸ್ವಚ್ಛ ಮಾಡತೈತಿ ಅಂದ್ರ ಏನನ್ನಬೇಕು?

ಬೋಲ್ಟು ಬಿಚ್ಚಿದಾಗ ಇನ್ನೊಂದು ಉಪಯೋಗ ಐತಿ. ಛಲೋ ಮಿಸ್ತ್ರಿ ಬೋಲ್ಟಿನ ತುದಿ ಒರಸಿ ನೋಡತಾನ. ಕೆಲವು ಗಾಡಿ ಬೋಲ್ಟಿಗೆ ಅಯಸ್ಕಾಂತ ಇರತೈತಿ. ಅದಕ್ಕ ಸಣ್ಣ ಪುಡಿ ಹತ್ತಿದ್ರ ಅದು ಸಹಜ, ಚೂರು ಹತ್ತಿದ್ರ ಒಳಗ ಏನೋ ತಿಕ್ಕಾಕತ್ತೈತಿ ಅಂತ ಅರ್ಥ. ನಳಾ ತಿರುವಿ ಬಿಟ್ಟವಗ ಅದು ಕಾಣೂದಿಲ್ಲ.

ಇದೆಲ್ಲಾ ಇರಲಿ. ನನ್ನ ದೊಡ್ಡ ತಕರಾರು ರಸ್ತಾದ್ದು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಐತಿ, ಹಂಪು ಹ್ಯಾಂಗ ಇರಬೇಕು ಅಂತ ಅವರು ಬರದಿಟ್ಟಾರ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ನುಣ್ಣಗ ಏರಿ ನುಣ್ಣಗ ಇಳೀಬೇಕು. ನಮ್ಮ ಕಡೆ ಅಂಥಾ ಹಂಪು ಎಲ್ಲರೆ ಕಂಡ್ರ ನಂಗೂ ತೋರಸ್ರಿ. ನಮ್ಮಲ್ಲೆ ಸಾಲಿ ಮುಂದ ಒಂದು, ಗುಡಿ ಮುಂದ ಒಂದು, ಯಾರದೋ ಎಮ್ಮಿಗೆ ಗಾಡಿ ಬಡೀತು ಅಂತ ಊರವರು ರಾತ್ರೋರಾತ್ರಿ ಕಲ್ಲು-ಮಣ್ಣು ಹಾಕಿ ಒಟ್ಟಿದ್ದು ಒಂದು. ಅಗಲ ಒಂದು ಮೊಳಾ, ಎತ್ತರ ದೇವರಿಗೇ ಗೊತ್ತು. ಸ್ವಿಫ್ಟ್ ಗಾಡಿ ನೆಲದಿಂದ 163 ಮಿಲಿಮೀಟರ್ ಮ್ಯಾಲ ಐತಿ ಅಂತ ಕಂಪನಿ ಹೇಳೂದು ಖಾಲಿ ಗಾಡಿ ಲೆಕ್ಕ. ಅಂದ್ರ ಒಂದು ಗೇಣಿಗಿಂತ ಕಡಿಮಿ. ಅದರಾಗ ಐದು ಮಂದಿ, ಹಿಂದ ಜ್ವಾಳದ ಚೀಲ, ಬೀಗರ ಮನಿ ಬುತ್ತಿಗಂಟು ಹಾಕ್ರಿ, ಇನ್ನೂ ಕೆಳಗ ಕುಂದರತೈತಿ. ತಳಾ ಕೆರಕೊಂಡು ಹೋಗೂ ಸಪ್ಪಳ ನಾವೆಲ್ಲಾ ಕೇಳೀವಿ. ಆ ಸಪ್ಪಳಾ ಬಂದಾಗ ನೆಲಕ್ಕ ಹತ್ತಿರ ಏನೇನು ಇರತೈತೋ ಅದಕ್ಕ ಹೊಡ್ತ.

ಬೋಲ್ಟಿನ ತಲಿ ನಮ್ಮ ಬಟ್ಟಿನ ಒಂದು ಗೆಣ್ಣಿನಷ್ಟೂ ಹೊರಗ ಇರೂದಿಲ್ಲ. ದಪ್ಪಂದು, ಕಬ್ಬಿಣದ್ದು. ಕಲ್ಲು ತಾಗಿದ್ರ ಕೆರಕೊಂಡು ಸುಮ್ನಾಗತೈತಿ. ನಳ ಎರಡು-ಮೂರು ಬಟ್ಟು ಹೊರಗ ಚಾಚಿರತೈತಿ. ಹೊರಗ ಚಾಚಿದ್ದಕ್ಕ ಹೊಡ್ತಾ ಬಿದ್ರ ಹೊಡ್ತಾ ಬುಡಕ್ಕ ಹೋಗತೈತಿ. ಗ್ವಾಡಿಗೆ ಹೊಡದ ಉದ್ದ ಮೊಳೀಗೆ ಬಡದು ನೋಡ್ರಿ, ಮೊಳಿ ಮುರಿಯೂದಿಲ್ಲ, ಗಿಲಾವೇ ಕಿತ್ತು ಬರತೈತಿ. ಚೇಂಬರ್ ಭಾಳ ಗಾಡಿಗೋಳಾಗ ಅಲ್ಯುಮಿನಿಯಂದು. ಅದು ಬಾಗೂದಿಲ್ಲ, ಸೀಳತೈತಿ.

ಇದು ನಾ ಕುಂತಲ್ಲೆ ಹೊಸದ ಮಾತಲ್ಲ. ನಮ್ಮ ಯಜಮಾನ್ರ ಅಕ್ಕನ ಮಗ ತನ್ನ ಗಾಡಿಗೆ ಆನ್‌ಲೈನಿನಾಗ ತರಸಿದ ನಳ ಕೂಡಿಸಿದ್ದ. ಹೋದ ಮಳಿಗಾಲದಾಗ ಅವನ ಹೆಂಡತಿ ಎರಡು ಮಕ್ಕಳನ್ನ ಕರಕೊಂಡು ಕಲಘಟಗಿ ಕಡಿಂದ ಹುಬ್ಬಳ್ಳಿಗೆ ಬರಾಕತ್ತಿದ್ಲು. ಹಳ್ಳಿ ರಸ್ತಾದಾಗ ಒಂದು ಹಂಪಿಗೆ ತಳಾ ಬಡೀತು. ಎಂದಿನಂಗ ಅಂತ ತಿಳದು ಅಕಿ ಮುಂದ ಬಂದ್ಲು. ಮೇನ್ ರೋಡಿಗೆ ಬಂದು ಸ್ವಲ್ಪ ದೂರ ಆದ ಮ್ಯಾಲ ಮುಂದ ಕೆಂಪು ದೀಪ ಹತ್ತಿತು, ಎಣ್ಣಿ ಡಬ್ಬಿ ಚಿತ್ರದ್ದು. ಬಾಜೂಕ ನಿಲ್ಲಿಸಿ ಗಂಡಗ ಫೋನ್ ಹಚ್ಚಿದ್ಲು. ಅಂವ ಆಫೀಸಿನಾಗ. “ಮಳಿ ಬರಾಕತ್ತೈತಿ, ಮಕ್ಕಳದಾವ, ಮುಂದ ಪೆಟ್ರೋಲ್ ಪಂಪು ಐತಲ್ಲ, ಅಲ್ಲೀತನಾ ನಿಧಾನಕ ತಗೊಂಡು ಬಾ” ಅಂದ. ಅಕಿ ತಗೊಂಡು ಬಂದ್ಲು. ಪಂಪು ಕಾಣೂದ್ರಾಗ ಎಂಜಿನ್ ಟಕ ಟಕ ಅಂತ ಬಡದು ನಿಂತುಬಿಡ್ತು. ಚೇಂಬರಿನ ತೂತಿನ ಸುತ್ತ ಬಿರುಕು ಬಿಟ್ಟಿತ್ತು, ಆಯಿಲ್ ಎಲ್ಲಾ ರಸ್ತಾದ ಪಾಲಾಗಿತ್ತು. ಎಂಜಿನ್ ಬಿಚ್ಚಿ ಕಟ್ಟಾಕ ಎಪ್ಪತ್ತು ಸಾವಿರದ ಮ್ಯಾಲ ಹೋತು. ಇನ್ಶೂರೆನ್ಸಿನವರು ಚೇಂಬರಿನ ರೊಕ್ಕಾ ಕೊಡತೀವಿ, ಒಡದ ಮ್ಯಾಲ ಓಡಿಸಿದ್ದಕ್ಕ ಕೆಟ್ಟದ್ದು ನಮಗ ಸಂಬಂಧ ಇಲ್ಲ ಅಂದ್ರು. ಸಾದಾ ಪಾಲಿಸಿ ಕರಾರು ಹಂಗ ಐತಿ, ಎಂಜಿನ್ನಿಗೆ ಅಂತ ಬ್ಯಾರೆ ರೊಕ್ಕಾ ಕಟ್ಟಿ ಮಾಡಿಸಿದವರಿಗೆ ಮಾತ್ರ ಕೇಳಾಕ ದಾರಿ.

ಇಷ್ಟಾದ ಮ್ಯಾಲ ಮನ್ಯಾಗ ಹುಟ್ಟಿದ ಮಾತು ಏನು ಗೊತ್ತೇನ್ರಿ? “ಲೈಟ್ ಹತ್ತಿದ್ರೂ ಗಾಡಿ ಹೊಡದಾಳ.” ನಳಾ ತರಸಿದಂವ ಒಬ್ಬ, ಕೂಡಿಸಿದಂವ ಒಬ್ಬ, ತಗೊಂಡು ಬಾ ಅಂದಂವ ಒಬ್ಬ, ಹೆಸರು ಬಂದಿದ್ದು ಅಕೀದು. ನೀರು ಸೋರೂ ನಳಾ ರಿಪೇರಿ ಮಾಡಸ್ರಿ ಅಂತ ಆರು ತಿಂಗಳು ಹೇಳಿ, ಕಡೀಕ ಟಾಕಿ ಖಾಲಿ ಆದ ದಿನಾ “ನೀರು ನೋಡಿ ಖರ್ಚು ಮಾಡಬಾರದಾ” ಅಂತ ಅನ್ನಿಸಿಕೊಂಡವರು ನಾವು, ನಮಗ ಇದು ಹೊಸಾದೇನಲ್ಲ.

ಹಂಗಂತ ಆ ದೀಪದ ಮಾತು ಎಲ್ಲಾರೂ ತಿಳಕೋರಿ, ನಳಾ ಇರಲಿ ಬಿಡಲಿ. ಕೆಂಪು ಎಣ್ಣಿ ಡಬ್ಬಿ ದೀಪ “ಆಯಿಲ್ ಕಡಿಮಿ ಆಗೈತಿ, ಬಿಡುವಾದಾಗ ಹಾಕ್ರಿ” ಅಂತ ಹೇಳೂದಲ್ಲ. ಆಯಿಲ್ಲಿನ ಒತ್ತಡಾನ ಇಲ್ಲ ಅಂತ ಹೇಳೂದು. ಲೋಹಕ್ಕ ಲೋಹ ಒಣಾ ತಿಕ್ಕಾಕತ್ತಿರತೈತಿ. ಪೆಟ್ರೋಲ್ ದೀಪ ಹತ್ತಿದ್ರ ಇನ್ನೊಂದಿಷ್ಟು ದೂರ ಹೋಗಬಹುದು, ಇದು ಹತ್ತಿದ್ರ ಮುಂದಿನ ಅಂಗಡೀತನಾನೂ ಬ್ಯಾಡ. ಬಾಜೂಕ ತಗೊಂಡು ಕೂಡ್ಲೆ ಎಂಜಿನ್ ಬಂದ್ ಮಾಡ್ರಿ, ಫೋನ್ ಆಮ್ಯಾಲ ಹಚ್ಚರಿ. ಯಾರು ಏನರೆ ಹೇಳಲಿ ಹೊಳ್ಳಿ ಕೀ ತಿರುವಬ್ಯಾಡ್ರಿ. ಗಾಡಿ ಎಳಸ್ರಿ. ಎಳಸಾಕ ಎರಡು-ಮೂರು ಸಾವಿರ ಹೋದ್ರ ಹೋಗಲಿ.

ಈಗ ನಳದ ಪರವಾಗಿ ಮಾತಾಡವರ ಮಾತಿಗೆ ಬರತೀನಿ. ನಮ್ಮ ಮೈದುನ ವಕೀಲ್ರಂಗ ಮಾತಾಡತಾನ. ಅಂವ ಹೇಳಿದ್ದು ಮೊದ್ಲನೇದು: ಛಲೋ ಕಂಪನಿ ನಳಕ್ಕ ಲಾಕ್ ಇರತೈತಿ, ತಾನಾಗಿ ತೆರಕೊಳ್ಳೂದಿಲ್ಲ. ಖರೇ ಐತಿ. ಕಿವಿ ಎತ್ತದ ತಿರುಗೂದಿಲ್ಲ, ಮ್ಯಾಲ ಇನ್ನೊಂದು ಕ್ಲಿಪ್ಪೂ ಹಾಕಬಹುದು. ತೆರಕೊಳ್ಳತೈತಿ ಅಂತ ನಾ ಎಲ್ಲೆ ಅಂದೆ? ಮುರೀತೈತಿ ಅಂತ ನಾ ಅನ್ನೂದು. ಬಾಗಲಕ್ಕ ಕೀಲಿ ಹಾಕಿದ್ರ ಕಳ್ಳ ಬರೂದಿಲ್ಲ, ಲಾರಿ ಬಂದು ಬಡದ್ರ ಕೀಲಿ ಏನ್ ಮಾಡತೈತಿ?

ಎರಡನೇದು, ಪ್ರತಿ ಸಲಾ ಬೋಲ್ಟು ಬಿಚ್ಚಿ ಬಿಗದು ಚೇಂಬರಿನ ಹಲ್ಲು ಸವೀತಾವ, ನಳಾ ಒಮ್ಮೆ ಕೂಡಿಸಿದ್ರ ಆ ತ್ರಾಸಿಲ್ಲ. ಇದರಾಗ ಹುರುಳೈತಿ. ಹಲ್ಲು ಹಾಳಾಗಿ ಆಯಿಲ್ ಸೋರಿದ ಗಾಡಿ ಗ್ಯಾರೇಜಿನಾಗ ಬೇಕಾದಷ್ಟು. ಆದ್ರ ಹಾಳ ಮಾಡಿದ್ದು ಬೋಲ್ಟಲ್ಲ, ಉದ್ದ ಪೈಪು ಹಾಕಿ ಮೈಮ್ಯಾಲ ಬಂದಂಗ ಬಿಗದ ಕೈ. ಸುಝುಕಿಯ ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಬಿಗಿಯೂ ಅಳತಿ 35 ನ್ಯೂಟನ್ ಮೀಟರ್. ಅಳತಿ ಪಾನಾ ಇದ್ರ ಟಕ್ ಅಂತ ಸಪ್ಪಳಾಗತೈತಿ, ಅಲ್ಲಿಗೆ ನಿಲ್ಲಿಸ್ಬೇಕು. ಮೊದಲಿನ ಮೂರು-ನಾಕು ಸುತ್ತು ಬರೇ ಬಟ್ಟಿನಿಂದ ತಿರುವಬೇಕು, ಉಪ್ಪಿನಕಾಯಿ ಭರಣಿ ಮುಚ್ಚಳಾ ಸೊಟ್ಟ ಕುಂತ್ರ ನಾವು ಹೊಳ್ಳಿ ತಗದು ಹಾಕೂದಿಲ್ಲೇನು, ಹಂಗ. ಪ್ರತಿ ಸಲಾ ಹೊಸಾ ವಾಸರ್ ಹಾಕಬೇಕು. ಅದು ಚಪ್ಪಟಿ ಆಗಿ ಸಂದಿ ಮುಚ್ಚಾಕ ಅಂತ ಮಾಡಿದ್ದು, ಒಮ್ಮೆ ಚಪ್ಪಟಿ ಆತಂದ್ರ ಅದರ ಕೆಲಸ ಮುಗೀತು. ಹಳೇದ್ದನ್ನ ಹಾಕಿದಾಗ ಹನಿ ಹನಿ ಬೀಳತೈತಿ, ಹನಿ ನಿಲ್ಲಲಿ ಅಂತ ಇನ್ನೂ ಬಿಗೀತಾರ, ಹಲ್ಲು ಹೋಗತಾವ. ವಾಸರಿನ ಕಿಮ್ಮತ್ತು ನಮ್ಮ ಒಂದು ಕಟ್ಟು ಮೆಂತೆಪಲ್ಲೆಷ್ಟು. ನಳ ಕೂಡಿಸೂದ್ರಾಗೂ ಹಲ್ಲಿನ ಭಯ ಇದ್ದ ಐತಿ ನೋಡ್ರಿ. ಮಾರುತಿ, ಹೋಂಡಾ ಗಾಡಿಗೆ ಭಾಳ ಮಾಡಿ 14 ಮಿಲಿಮೀಟರಿನ ಬೋಲ್ಟು, ಟೊಯೋಟಾದ ಭಾಳ ಗಾಡಿಗೆ 12ರದ್ದು. ಹಲ್ಲಿನ ಸುತ್ತೂ ಬ್ಯಾರೆ ಬ್ಯಾರೆ. “ಎಲ್ಲಾ ಗಾಡಿಗೂ ಬರತೈತಿ” ಅಂತ ಬರದ ಡಬ್ಬಿ ತಂದು ಜುಲುಮೀಲೆ ಕೂಡಿಸಿದ್ರ ಆವತ್ತೇ ಚೇಂಬರ್ ಹೋತು.

ಮೂರನೇದು ಅಮೆರಿಕಾ. “ಅಲ್ಲೆ ಎಲ್ಲಾರೂ ಹಾಕತಾರ.” ಎಲ್ಲಾರೂ ಹಾಕೂದಿಲ್ಲ, ಆದ್ರ ಹಾಕವರು ಅದಾರ ಖರೇ. ನನ್ನ ತಂಗಿ ಮಗಳು ಟೆಕ್ಸಾಸಿನಾಗ ಐತಿ, ಅಳಿಯಾ ಗಾಡಿ ಕೆಲಸ ತಾನ ಮಾಡತಾನ. ಅಲ್ಲಿಯ ಲೆಕ್ಕ ಬ್ಯಾರೆ. ಗ್ಯಾರೇಜಿಗೆ ಕೊಟ್ರ ಕೂಲಿ ತುಟ್ಟಿ, ಮನಿ ಮುಂದ ಸಿಮೆಂಟಿನ ಜಾಗಾ, ಇಳಿಜಾರಿನ ರ‍್ಯಾಂಪು, ಎತ್ತರದ ದೊಡ್ಡ ಗಾಡಿ, ಊರವರು ರಾತ್ರಿ ಹಾಕಿದ ಹಂಪಿಲ್ಲ. ಹಳೇ ಆಯಿಲ್ ಡಬ್ಬಿ ತುಂಬಿ ಒಯ್ದ್ರ ಭಾಳಷ್ಟು ಆಟೋ ಪಾರ್ಟ್ಸ್ ಅಂಗಡಿಯವರು ಪುಕ್ಕಟೆ ತಗೋತಾರ. ಅಲ್ಲೆ ಅವರು ಹಾಕ್ಕೋಲಿ, ನಮ್ಮದೇನು ಹೋತು. ನಮ್ಮ ಕಡೇನೂ ಅದಕ್ಕ ಜಾಗಾ ಐತಿ: ಮಂಗಲ ಕಾರ್ಯಾಲಯದ ಹಿಂದಿನ ಜನರೇಟರಿಗೆ ಹಾಕ್ರಿ. ಅದು ತಾಸಿನ ಲೆಕ್ಕದಾಗ ಆಯಿಲ್ ಕೇಳತೈತಿ, ನಿಂತಲ್ಲೇ ನಿಂತಿರತೈತಿ, ಹಂಪು ಹಾಯೂದಿಲ್ಲ.

ಹಳೇ ಆಯಿಲ್ಲಿನ ಮಾತು ಬಂತು, ಅದನ್ನೂ ಆಡಿಬಿಡತೀನಿ. ಗ್ಯಾರೇಜಿನಾಗ ಬಿಚ್ಚಿದ ಆಯಿಲ್ ಡ್ರಮ್ಮಿಗೆ ಹೋಗತೈತಿ, ಡ್ರಮ್ ತುಂಬಿದ್ರ ಒಯ್ಯವರು ಬಂದು ರೊಕ್ಕಾ ಕೊಟ್ಟು ಒಯ್ಯತಾರ. ಮನ್ಯಾಗ ನಳಾ ತಿರುವಿದವರು ಎಲ್ಲೆ ಹಾಕತಾರ? ನಮ್ಮ ಓಣ್ಯಾಗ ಒಬ್ಬರು ಗಟಾರಕ್ಕ ಸುರುವಿದ್ದನ್ನ ನಾ ಕಣ್ಣಾರೆ ನೋಡೀನಿ. ಎರಡು ದಿನಾ ಗಟಾರದ ನೀರಿನ ಮ್ಯಾಲ ಕಾಮನಬಿಲ್ಲು. ಆ ನೀರು ನಾಲಾಕ್ಕ ಹೋಗತೈತಿ, ನಾಲಾ ಕೆರೀಗೆ, ಹೊಲಕ್ಕ ಹೋಗತೈತಿ. ಹಳೇ ಎಂಜಿನ್ ಆಯಿಲ್ ಅಪಾಯಕಾರಿ ಕಸಾ ಅಂತ 2016ರ ಕೇಂದ್ರ ಸರಕಾರದ ನಿಯಮದಾಗ ಐತಿ, ಪರವಾನಗಿ ಇದ್ದವರಿಗೇ ಕೊಡಬೇಕು. ಒಂದು ಗ್ಯಾಲನ್ ಹಳೇ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರು ಕೆಡಿಸಬಹುದು ಅಂತ ಅಮೆರಿಕದ ಪರಿಸರ ಇಲಾಖೆಯವರು ಹೇಳತಾರ. ಒಂದು ಗ್ಯಾಲನ್ ಅಂದ್ರ ಸುಮಾರು ಪೌಣೇನಾಕು ಲೀಟರು, ನಮ್ಮ ಒಂದು ಗಾಡ್ಯಾಗಿಂದಕ್ಕಿಂತ ಸ್ವಲ್ಪ ಜಾಸ್ತಿ. ಬೋಲ್ಟು ಬಿಚ್ಚೂದು ತ್ರಾಸು ಅಂತಾದ್ರೂ ಮಂದಿ ಗ್ಯಾರೇಜಿಗೆ ಹೋಗತಿದ್ರು. ಬೇಲಿ ಗೂಟಕ್ಕ ಗೆದ್ದಲ ಹತ್ತಬಾರದು ಅಂತ ಬಳಿಯೂದೂ ಛಲೋದಲ್ಲ, ಆದ್ರ ಗಟಾರಕ್ಕ ಸುರುವೂದು ನಮ್ಮ ಬಾವಿಗೆ ನಾವ ಹಾಕಿದಂಗ.

ನಳಕ್ಕ ಕೊಡೂ ಸಾವಿರದ ಮ್ಯಾಲಿನ ರೊಕ್ಕದಾಗ ಏನ್ ಮಾಡಬಹುದು ಕೇಳ್ರಿ. ಛಲೋ ಫಿಲ್ಟರ್ ತಗೋರಿ. ಐದಾರು ವರ್ಷಕ್ಕಾಗೂವಷ್ಟು ವಾಸರ್ ತಂದು ಗಾಡಿ ಪುಸ್ತಕದ ಚೀಲದಾಗ ಇಟ್ಟುಬಿಡ್ರಿ, ಸರ್ವಿಸಿಂಗಿಗೆ ಬಿಟ್ಟಾಗ ಒಂದನ್ನ ಮಿಸ್ತ್ರಿ ಕೈಯಾಗ ಕೊಟ್ಟು “ಇದನ್ನ ಹಾಕ್ರಿ, ಹಳೇದ್ದನ್ನ ನಂಗ ತೋರಸ್ರಿ” ಅನ್ರಿ. ನಾ ಹಂಗ ಮಾಡತೀನಿ. ಮೊದಲನೇ ಸಲಾ ನಕ್ಕ, ಎರಡನೇ ಸಲಾ ತಾನ ತೋರಿಸಿದ. ಉಳದ ರೊಕ್ಕದಾಗ ಚೇಂಬರ್ ಕೆಳಗ ಪತರಾ ಇಲ್ಲದವರು ಕೇಳಿ ಹಾಕಸ್ರಿ. ಮತ್ತ ಹದಿನೈದು ದಿವಸಕ್ಕೊಮ್ಮೆ, ಮುಂಜಾನೆ ಗಾಡಿ ಚಾಲೂ ಮಾಡೂಕಿಂತ ಮೊದ್ಲ, ಬಾನೆಟ್ ತಗದು ಆಯಿಲ್ ನೋಡೂ ಕಡ್ಡಿ ಹೊರಗ ತಗೀರಿ, ಅರಬಿಲೆ ಒರಸ್ರಿ, ಪೂರಾ ಒಳಗ ಹಾಕಿ ಹೊಳ್ಳಿ ತಗೀರಿ. ಎರಡು ಗುರ್ತಿನ ನಡುವ ಆಯಿಲ್ ಹತ್ತಿರಬೇಕು. ಸಾರಿಗೆ ಉಪ್ಪು ನೋಡಿದಷ್ಟ ಹೊತ್ತು ಹಿಡೀತೈತಿ. ಕೆಳಗ ಗಾಡಿ ನಿಂತ ಜಾಗಾದಾಗ ಕರೇ ಹನಿ ಬಿದ್ದಾವೇನು ಅಂತ ಕಸಾ ಹೊಡಿಯೂವಾಗ ನೋಡ್ರಿ, ನಮಗಿಂತ ಮೊದ್ಲ ಅದು ಯಾರಿಗೂ ಕಾಣೂದಿಲ್ಲ.

ಈಗಾಗಲೇ ಕೂಡಿಸಿದ ಮೂರು ಮನಿಯವರಿಗೆ. ಸಿಟ್ಟಾಗಬ್ಯಾಡ್ರಿ, ಮೊದ್ಲ ಗಾಡಿ ಮುಂದ ನೆಲಕ್ಕ ಬಗ್ಗಿ ನೋಡ್ರಿ. ಕೆಲವು ಗಾಡ್ಯಾಗ ಬೋಲ್ಟು ಚೇಂಬರಿನ ಹಿಂದಿನ ಮಗ್ಗಲಕ್ಕ, ಮ್ಯಾಲ ಇರತೈತಿ, ಅಂಥಾದ್ರಾಗ ನಳ ಚೇಂಬರಿಗಿಂತ ಕೆಳಗ ಇಳಿಯೂದಿಲ್ಲ, ಅಂಜಿಕಿ ಕಡಿಮಿ. ಕೆಳಗ ಜೋತು ಬಿದ್ದಿದ್ರ ಮಾತ್ರ ಬರೂ ಸರ್ವಿಸಿಂಗಿನಾಗ ತಗಸಿ ಕಂಪನಿ ಬೋಲ್ಟನ್ನ ಹೊಸಾ ವಾಸರ್ ಜೋಡಿ ಹೊಳ್ಳಿ ಹಾಕಸ್ರಿ. ಅಲ್ಲೀತನಾ ಊರ ಹಾದಿ ಹಿಡಿಯೂಮುಂದ ಎಲ್ಲಾರನ್ನೂ ಇಳಿಸಿ ಹಂಪು ಹಾಯಸ್ರಿ. ಬೋಲ್ಟು ಎಲ್ಲಿಟ್ಟೀರಿ ಹುಡುಕ್ರಿ, ಭಾಳ ಮಾಡಿ ಮೊಳಿ-ಸ್ಕ್ರೂ ಹಾಕೂ ಬಿಸ್ಕೀಟಿನ ಡಬ್ಬ್ಯಾಗ ಇರತೈತಿ. ಕಳದಿದ್ರ ಗಾಡಿ ಹೆಸರು, ವರ್ಷ ಹೇಳಿ ಬಿಡಿಭಾಗದ ಅಂಗಡ್ಯಾಗ ಕೇಳ್ರಿ, ಕೊಡತಾರ.